ಹಳೇ ಆರ್ಕೇಡ್ ಮಾನಿಟರ್‌ನಲ್ಲಿ ಕಿಡಿ: ನೀರು ಏರಿತೋ, ಕಟ್ಟೆ ಸಡಿಲಿತೋ?

ಆರ್ಕೇಡ್‌ನ, ಅಂದರೆ ಕಾಸು ಹಾಕಿ ಆಡುವ ಹಳೇ ವಿಡಿಯೊ ಗೇಮ್ ಪೆಟ್ಟಿಗೆಗೆ ಸ್ವಿಚ್ ಹಾಕುತ್ತೀರಿ. ಎರಡು ಸೆಕೆಂಡು ಏನೂ ಇಲ್ಲ. ಆಮೇಲೆ ಹಿಂಬದಿಯಿಂದ ‘ಚಟ್’ ಅಂತ ಒಂದು ಸದ್ದು. ಸ್ವಲ್ಪ ಬಿಟ್ಟು ಮತ್ತೊಂದು. ಪರದೆಯ ಮೇಲೆ ಬಿಳಿ ಗೆರೆಗಳು ಮಿಂಚಿ ಮಾಯವಾಗುತ್ತವೆ, ಚಿತ್ರ ಒಮ್ಮೆ ಬೆಚ್ಚುತ್ತದೆ. ಮೂಗಿಗೆ ಒಂದು ಚುರುಕು ವಾಸನೆ ಬಡಿಯುತ್ತದೆ, ಸಿಡಿಲು ಬಡಿದ ಮೇಲೆ ಗಾಳಿಯಲ್ಲಿ ಇರುತ್ತದಲ್ಲ, ಅಂಥದ್ದು. ಅದು ಓಝೋನ್.

ಎಷ್ಟೋ ಸಲ ಇದರ ಜೊತೆಗೆ ಆಟವೂ ತಾನಾಗಿ ರೀಸೆಟ್ ಆಗುತ್ತದೆ. ಆಗ ಜನ ಗೇಮ್ ಬೋರ್ಡ್ ಕೆಟ್ಟಿದೆ ಅಂದುಕೊಂಡು ಅದನ್ನೇ ಬಿಚ್ಚಿ ಕೂರುತ್ತಾರೆ. ಬೋರ್ಡ್‌ನ ತಪ್ಪು ಏನೂ ಇರುವುದಿಲ್ಲ. ಪಕ್ಕದಲ್ಲೇ ಸಾವಿರಾರು ವೋಲ್ಟಿನ ಕಿಡಿ ಹಾರಿದರೆ ಅದರ ಧಕ್ಕೆ ಗ್ರೌಂಡ್ ತಂತಿಗಳ ಮೂಲಕ ಎಲ್ಲ ಕಡೆ ತಲುಪುತ್ತದೆ.

ಕಿಡಿ ಹಾರುವುದಕ್ಕೆ ಇರುವುದು ಎರಡೇ ಕಾರಣ. ಕೆರೆಯ ಕಟ್ಟೆ ಒಡೆಯುವ ಹಾಗೆ ಅಂದುಕೊಳ್ಳಿ. ಒಂದೋ ನೀರು ಮಟ್ಟ ಮೀರಿ ಏರಿರಬೇಕು, ಇಲ್ಲವೋ ಕಟ್ಟೆ ಎಲ್ಲೋ ಸಡಿಲವಾಗಿರಬೇಕು. ಮಾನಿಟರ್‌ನಲ್ಲಿ ನೀರು ಅಂದರೆ ವೋಲ್ಟೇಜ್. ಕಟ್ಟೆ ಅಂದರೆ ಅದನ್ನು ತಡೆದು ನಿಲ್ಲಿಸಿರುವ ರಬ್ಬರು, ಪ್ಲಾಸ್ಟಿಕ್ಕು, ಗಾಜು, ಗಾಳಿ. ಕಿಡಿ ಕಂಡ ಜಾಗಕ್ಕೆ ಸಿಲಿಕೋನ್ ಮೆತ್ತಿ ಕೈತೊಳೆದುಕೊಳ್ಳುವವರು ಈ ಪ್ರಶ್ನೆಯನ್ನೇ ಕೇಳಿರುವುದಿಲ್ಲ. ನೀರು ಏರುತ್ತಿರುವಾಗ ಒಂದು ಕಡೆ ಮಣ್ಣು ಹಾಕಿದರೆ ಇನ್ನೊಂದು ಕಡೆ ಒಡೆಯುತ್ತದೆ, ಅಲ್ವಾ?

ಇಪ್ಪತ್ತು ಸಾವಿರ ವೋಲ್ಟ್ ಬರುವುದೆಲ್ಲಿಂದ

19 ಇಂಚಿನ ಹಳೇ ಕಲರ್ ಮಾನಿಟರ್‌ನ ಪಿಕ್ಚರ್ ಟ್ಯೂಬಿಗೆ ಸುಮಾರು 20ರಿಂದ 25 ಸಾವಿರ ವೋಲ್ಟ್ ಬೇಕು. ಕಪ್ಪು ಬಿಳುಪಿನದಕ್ಕೆ ಅದಕ್ಕಿಂತ ಕಡಿಮೆ ಸಾಕು. ಟ್ಯೂಬಿನ ಕುತ್ತಿಗೆಯಲ್ಲಿ ಹುಟ್ಟುವ ಎಲೆಕ್ಟ್ರಾನ್‌ಗಳನ್ನು ಪರದೆಯವರೆಗೆ ಜೋರಾಗಿ ಎಳೆಯುವುದು ಇದೇ ವೋಲ್ಟೇಜ್.

ಆದರೆ ಚಾಸಿಗೆ, ಅಂದರೆ ಟ್ಯೂಬನ್ನು ನಡೆಸುವ ಸರ್ಕ್ಯೂಟ್ ಜೋಡಣೆಗೆ, ಒಳಗೆ ಸಿಗುವುದು ನೂರ ಚಿಲ್ಲರೆ ವೋಲ್ಟ್ ಮಾತ್ರ. ಬಿ-ಪ್ಲಸ್ ಅನ್ನುವುದು ಇದನ್ನೇ. ಎಲೆಕ್ಟ್ರೋಹೋಮ್ ಜಿ07 ಚಾಸಿಯಲ್ಲಿ ಇದು 120 ವೋಲ್ಟ್. ಇದನ್ನು ಸಾವಿರಗಟ್ಟಲೆ ಏರಿಸುವುದು ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್. ಟಿವಿ ರಿಪೇರಿಯವರ ಬಾಯಲ್ಲಿ ಇಎಚ್‌ಟಿ. ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಅದರ ಸುರುಳಿಗೆ ಕರೆಂಟ್ ತುಂಬಿಸುತ್ತದೆ, ಆಮೇಲೆ ತಟ್ಟನೆ ನಿಲ್ಲಿಸುತ್ತದೆ. ಸೆಕೆಂಡಿಗೆ ಹದಿನೈದು ಸಾವಿರಕ್ಕೂ ಹೆಚ್ಚು ಸಲ ಇದು ನಡೆಯುತ್ತದೆ. ಹಳೇ ಟಿವಿಯಿಂದ ಮಕ್ಕಳಿಗೆ ಮಾತ್ರ ಕೇಳುತ್ತಿದ್ದ ಆ ಸಣ್ಣ ‘ಕೀ’ ಸದ್ದು ಇದರದ್ದೇ.

ಓಡುತ್ತಿದ್ದ ಕರೆಂಟನ್ನು ತಟ್ಟನೆ ತಡೆದರೆ ಸುರುಳಿ ಸುಮ್ಮನಿರುವುದಿಲ್ಲ. ಟ್ರಾನ್ಸಿಸ್ಟರ್ ಕಡೆಗೆ ಸಾವಿರ ವೋಲ್ಟಿನ ಆಸುಪಾಸಿನ ಒಂದು ಏಟು ಕೊಡುತ್ತದೆ. ಆ ಏಟನ್ನು ಇನ್ನೊಂದು ಸುರುಳಿ ಇಪ್ಪತ್ತು ಪಟ್ಟು ಹಿಗ್ಗಿಸುತ್ತದೆ, ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ, ದಪ್ಪ ಕೆಂಪು ವೈರಿನಲ್ಲಿ ಅದು ಟ್ಯೂಬಿಗೆ ಹೋಗುತ್ತದೆ. ಇಲ್ಲಿ ಒಂದು ಪುಟ್ಟ ಭಾಗವನ್ನು ನೆನಪಿಟ್ಟುಕೊಳ್ಳಿ. ಟ್ರಾನ್ಸಿಸ್ಟರ್ ಪಕ್ಕದಲ್ಲಿ ಒಂದು ಕೆಪಾಸಿಟರ್, ಅಂದರೆ ಚಾರ್ಜ್ ಕೂಡಿಡುವ ಭಾಗ, ಇರುತ್ತದೆ. ಟ್ಯೂನಿಂಗ್ ಕೆಪಾಸಿಟರ್ ಅಂತಲೂ ಸೇಫ್ಟಿ ಕೆಪಾಸಿಟರ್ ಅಂತಲೂ ಅದಕ್ಕೆ ಹೆಸರು. ಆ ಏಟು ಎಷ್ಟು ಎತ್ತರಕ್ಕೆ ಹೋಗಬೇಕು ಅನ್ನುವುದು ಅದರ ಕೈಯಲ್ಲಿದೆ. ಅದರ ಕತೆ ಆಮೇಲೆ ಬರುತ್ತದೆ.

ಇನ್ನು ಗಾಳಿ. ಎರಡು ನುಣುಪಾದ ತಟ್ಟೆಗಳ ನಡುವೆ ಒಂದು ಮಿಲಿಮೀಟರ್ ಗಾಳಿ ಸುಮಾರು 3 ಸಾವಿರ ವೋಲ್ಟ್ ತಡೆಯುತ್ತದೆ. ಹಾಗೆ ನೋಡಿದರೆ 20 ಸಾವಿರಕ್ಕೆ ಏಳು ಮಿಲಿಮೀಟರ್ ಸಾಕು. ಆದರೆ ಚೂಪಾದ ತುದಿ ಇದ್ದರೆ ಈ ಲೆಕ್ಕ ಬಿದ್ದುಹೋಗುತ್ತದೆ. ಬೆಸುಗೆಯ ಮೊನೆ, ತಂತಿಯ ಎಳೆ, ಅಷ್ಟೇ ಏಕೆ, ಧೂಳಿನ ಕೂದಲು ಕೂಡ ಕಿಡಿಯನ್ನು ಇನ್ನೂ ದೂರಕ್ಕೆ ಎಳೆದುಕೊಳ್ಳುತ್ತದೆ. ತೇವದ ಧೂಳು ಮೇಲ್ಮೈಯ ಮೇಲೆ ಸೇತುವೆಯನ್ನೇ ಕಟ್ಟಿಕೊಡುತ್ತದೆ.

ಕೈ ಹಾಕುವ ಮೊದಲು

ಪಿಕ್ಚರ್ ಟ್ಯೂಬ್ ಅಂದರೆ ಒಂದು ದೊಡ್ಡ ಕೆಪಾಸಿಟರ್. ಗಾಜಿನ ಒಳಮೈಗೂ ಹೊರಮೈಗೂ ಕರೆಂಟ್ ಹರಿಯುವ ಕಪ್ಪು ಗ್ರಾಫೈಟ್ ಲೇಪ ಇರುತ್ತದೆ. ನಡುವೆ ಗಾಜು. ಪ್ಲಗ್ ಕಿತ್ತ ಮೇಲೂ ಚಾರ್ಜ್ ಅಲ್ಲೇ ಕೂತಿರುತ್ತದೆ. ಕೆಲವು ಚಾಸಿಗಳಲ್ಲಿ ಅದು ನಿಧಾನವಾಗಿ ಇಳಿಯುತ್ತದೆ, ಕೆಲವುಗಳಲ್ಲಿ ದಿನಗಟ್ಟಲೆ ಉಳಿಯಬಹುದು. 2 ನ್ಯಾನೋಫ್ಯಾರಡ್ ಟ್ಯೂಬಿಗೆ 20 ಸಾವಿರ ವೋಲ್ಟ್ ತುಂಬಿದರೆ ಸುಮಾರು 0.4 ಜೂಲ್ ಶಕ್ತಿ. ಅಂಕಿ ಸಣ್ಣದು. ಆದರೆ ಆ ಏಟಿಗೆ ಕೈ ತಾನಾಗಿ ಹಿಂದಕ್ಕೆ ಹಾರುತ್ತದೆ, ಹಾರಿ ಟ್ಯೂಬಿನ ಕುತ್ತಿಗೆಗೆ ಬಡಿದರೆ ಗಾಜು ಮುರಿಯುತ್ತದೆ. ಒಳಗೆ ಗಾಳಿಯೇ ಇಲ್ಲದ ಪಾತ್ರೆ ಅದು. ಚಾಲೂ ಇರುವ ಮಾನಿಟರ್ ಇದಕ್ಕಿಂತ ಅಪಾಯ. ಬಿ-ಪ್ಲಸ್‌ನ ದೊಡ್ಡ ಕೆಪಾಸಿಟರ್ ಕೂಡ ಜೀವ ತೆಗೆಯುವಷ್ಟು ಬಲ ಇಟ್ಟುಕೊಂಡಿರುತ್ತದೆ.

ಮೊದಲು ಪ್ಲಗ್ ಕಿತ್ತುಬಿಡಿ. ಉಂಗುರ, ವಾಚು ತೆಗೆದಿಡಿ. ಒಂದು ವೈರಿನ ತುದಿಯನ್ನು ಟ್ಯೂಬಿನ ಬೆನ್ನ ಮೇಲೆ ಹಾದುಹೋಗುವ ಹೆಣೆದ ಗ್ರೌಂಡ್ ತಂತಿಗೋ ಲೋಹದ ಫ್ರೇಮಿಗೋ ಕ್ಲಿಪ್ ಮಾಡಿ. ಇನ್ನೊಂದು ತುದಿ ಉದ್ದನೆಯ, ಒಳ್ಳೆ ಪ್ಲಾಸ್ಟಿಕ್ ಹಿಡಿಯ ಚಪ್ಪಟೆ ಸ್ಕ್ರೂಡ್ರೈವರ್‌ಗೆ. ಒಂದು ಕೈ ಬೆನ್ನ ಹಿಂದೆ. ದಪ್ಪ ಕೆಂಪು ವೈರು ಟ್ಯೂಬಿಗೆ ಸೇರುವ ಜಾಗದ ರಬ್ಬರ್ ಬಟ್ಟಲಿಗೆ ಆನೋಡ್ ಕ್ಯಾಪ್ ಅನ್ನುತ್ತಾರೆ. ಈಗ ಸ್ಕ್ರೂಡ್ರೈವರನ್ನು ಆ ಕ್ಯಾಪ್‌ನ ರಬ್ಬರಿನಡಿ ಜಾರಿಸಿ ಒಳಗಿನ ಲೋಹಕ್ಕೆ ಮುಟ್ಟಿಸಿ. ಸರ್ಕ್ಯೂಟ್ ಬೋರ್ಡ್‌ನ ಗ್ರೌಂಡಿಗೆ ಮಾತ್ರ ಕ್ಲಿಪ್ ಹಾಕಬೇಡಿ, ಚಿಪ್ಪುಗಳು ಸಾಯುತ್ತವೆ. ಚಾರ್ಜ್ ಇಳಿಯಬೇಕಾದದ್ದು ಹೊರಗಿನ ಕಪ್ಪು ಲೇಪಕ್ಕೆ, ಅದೇ ತಾನೇ ಕೆಪಾಸಿಟರ್‌ನ ಇನ್ನೊಂದು ತಟ್ಟೆ. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮುಟ್ಟಿಸಿ. ಗಾಜು ತನ್ನೊಳಗೆ ಹೀರಿಕೊಂಡ ಚಾರ್ಜನ್ನು ಆಮೇಲೆ ಸ್ವಲ್ಪ ವಾಪಸ್ ಬಿಡುತ್ತದೆ.

ಇನ್ನೊಂದು ಮಾತು. ಆ ಕಾಲದ ಹೆಚ್ಚಿನ ಕಲರ್ ಚಾಸಿಗಳು ಐಸೊಲೇಶನ್ ಟ್ರಾನ್ಸ್‌ಫಾರ್ಮರ್, ಅಂದರೆ ಮೇನ್ಸ್‌ನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್, ಇಲ್ಲದೆ ಓಡಬಾರದು. ಪೆಟ್ಟಿಗೆಯೊಳಗೆ ಅದು ಇರುತ್ತದೆ. ಮೇಜಿನ ಮೇಲಿಟ್ಟು ಪರೀಕ್ಷೆ ಮಾಡುವಾಗ ಅದನ್ನು ಮರೆತು ನೇರ ಮೇನ್ಸ್‌ಗೆ ಹಾಕಿದರೆ ಚಾಸಿಯೂ ಹೋಗುತ್ತದೆ, ಮುಟ್ಟಿದವರೂ ಹೋಗಬಹುದು. ವೋಲ್ಟೇಜ್ ಏರಿಸಿ ಇಳಿಸುವ ವೇರಿಯಾಕ್ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಸಾಮಾನ್ಯ ವೇರಿಯಾಕ್ ಮೇನ್ಸ್‌ನಿಂದ ಬೇರ್ಪಡಿಸುವುದಿಲ್ಲ. ಇಷ್ಟು ಓದಿ ಅಳುಕು ಬಂದರೆ ಅನುಭವ ಇರುವವರ ಕೈಗೆ ಕೊಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಕತ್ತಲಲ್ಲಿ ನೋಡಿ, ಕಿವಿಗೊಡಿ

ಕಿಡಿ ಹುಡುಕಲು ಮೊದಲ ಉಪಕರಣ ಲೈಟ್ ಆಫ್ ಮಾಡುವ ಸ್ವಿಚ್. ಕೋಣೆ ಪೂರ್ತಿ ಕತ್ತಲಾಗಲಿ. ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಕೊಡಿ. ಒಂದು ಕೈಯಳತೆಗಿಂತ ದೂರ ನಿಂತು ನೋಡಿ. ಫೋನಿನ ಕ್ಯಾಮೆರಾವನ್ನು ಒಂದು ಕಡೆ ನಿಲ್ಲಿಸಿ ವೀಡಿಯೊ ಹಾಕಿಬಿಟ್ಟರೆ ಇನ್ನೂ ಒಳ್ಳೆಯದು. ಕಣ್ಣಿಗೆ ತಪ್ಪಿದ ಕಿಡಿ ಅದರಲ್ಲಿ ಸಿಗುತ್ತದೆ.

ನೇರಳೆ ಬಣ್ಣದ ಮಂಕು ಬೆಳಕು ಒಂದೇ ಕಡೆ ನಿಂತಿದೆ, ‘ಸ್ಸ್ಸ್’ ಅಂತ ಹಾವಿನ ಹಾಗೆ ಸದ್ದು ಬರುತ್ತಿದೆ ಅಂದರೆ ಅದು ಕೊರೋನಾ. ಗಾಳಿ ಪೂರ್ತಿ ಸೋತಿಲ್ಲ, ಚೂಪಾದ ಜಾಗದ ಸುತ್ತ ಮಾತ್ರ ಸೋತಿದೆ. ಅದನ್ನು ಉಪೇಕ್ಷೆ ಮಾಡುವ ಹಾಗಿಲ್ಲ. ಕೊರೋನಾದಿಂದ ಓಝೋನ್, ಓಝೋನ್‌ನಿಂದ ರಬ್ಬರು ಬಿರುಕು, ಬಿರುಕಿನಿಂದ ಇನ್ನಷ್ಟು ಕೊರೋನಾ. ಬಿಳಿ ನೀಲಿಯ ಎಳೆ ಹಾರಿ ‘ಚಟ್’ ಅಂದರೆ ಅದು ಪೂರ್ತಿ ಆರ್ಕ್.

ಎಲ್ಲ ಸದ್ದೂ ಕಾಯಿಲೆಯಲ್ಲ. ಶುರುವಿನಲ್ಲಿ ಬರುವ ‘ಧುಮ್’ ಪರದೆಯ ಕಾಂತತ್ವ ಅಳಿಸುವ ಡಿಗಾಸ್ ಸುರುಳಿಯದು. ಪರದೆಯ ಮೇಲೆ ಸಣ್ಣಗೆ ಚಟಪಟ ಅನ್ನುವುದು ಸ್ಥಾಯಿ ವಿದ್ಯುತ್ತು. ಒಂದೇ ತಾಳದಲ್ಲಿ ‘ಟಿಕ್ ಟಿಕ್ ಟಿಕ್’ ಅಂತಿದ್ದು ಪರದೆ ಕಪ್ಪಾಗಿದ್ದರೆ ಅದು ಹೆಚ್ಚಾಗಿ ಕಿಡಿಯಲ್ಲ, ಪವರ್ ಸಪ್ಲೈ ಏಳಲು ನೋಡಿ ಮತ್ತೆ ಮತ್ತೆ ಬೀಳುತ್ತಿದೆ. ಕಿಡಿಗೆ ತಾಳ ಕಡಿಮೆ.

ಯಾವಾಗ ಹಾರುತ್ತದೆ ಅನ್ನುವುದಂತೂ ಒಳ್ಳೆ ಸುಳಿವು. ಸ್ವಿಚ್ ಹಾಕಿದ ಮೊದಲ ಕೆಲವು ಸೆಕೆಂಡುಗಳಲ್ಲಿ ಟ್ಯೂಬಿನ ಹೀಟರ್ ಇನ್ನೂ ಕಾದಿರುವುದಿಲ್ಲ. ಎಲೆಕ್ಟ್ರಾನ್ ಹರಿವು ಇಲ್ಲ, ಅಂದರೆ ಹೈ ವೋಲ್ಟೇಜ್ ಮೇಲೆ ಹೊರೆಯೂ ಇಲ್ಲ. ಹಾಗಾಗಿ ವೋಲ್ಟೇಜ್ ತುದಿಯಲ್ಲಿರುತ್ತದೆ. ಚಿತ್ರ ಮೂಡಿದ ಮೇಲೆ ಸ್ವಲ್ಪ ಇಳಿಯುತ್ತದೆ. ಶುರುವಿನಲ್ಲಿ ಮಾತ್ರ ಕಿಡಿ, ಅಥವಾ ಪರದೆ ಪೂರ್ತಿ ಕಪ್ಪಾದಾಗ ಮಾತ್ರ ಕಿಡಿ ಅಂದರೆ ಕಟ್ಟೆ ಮತ್ತು ನೀರು ಹೆಚ್ಚುಕಡಿಮೆ ಸಮಸಮ ಇವೆ ಅಂತ ಅರ್ಥ. ಎಷ್ಟೋ ತಿಂಗಳು ಗೋಡೌನಿನಲ್ಲಿ ಬಿದ್ದಿದ್ದ ಮಾನಿಟರ್ ಅರ್ಧ ಗಂಟೆ ಕಿಡಿಕಾರಿ ಸುಮ್ಮನಾದರೆ ತೇವವನ್ನು ಅನುಮಾನಿಸಿ. ಆದರೆ ಅದನ್ನು ಒಣಗಿಸಲು ಅಂತ ಕಿಡಿಯನ್ನೇ ಓಡಿಸಬೇಡಿ. ಕಿಡಿ ಹಾದ ದಾರಿ ಸುಟ್ಟು ಇಂಗಾಲದ ಗೆರೆಯಾಗುತ್ತದೆ, ಇಂಗಾಲ ಕರೆಂಟ್ ಹರಿಸುತ್ತದೆ, ಮುಂದಿನ ಕಿಡಿಗೆ ರಸ್ತೆ ಸಿದ್ಧ.

ಕಟ್ಟೆ ಸಡಿಲಾಗುವ ಜಾಗಗಳು

ಮೊದಲು ಆನೋಡ್ ಕ್ಯಾಪ್. ಟ್ಯೂಬಿನ ಬದಿಯಲ್ಲಿ ಅಂಟಿಕೊಂಡಿರುವ ರಬ್ಬರ್ ಬಟ್ಟಲು ಅದು. ಅದರ ಸುತ್ತ ಕಪ್ಪು ಲೇಪ ಇಲ್ಲದ, ಬರೀ ಗಾಜಿನ ಒಂದು ವೃತ್ತ ಇರುತ್ತದೆ. ಅದೇ ಕಂದಕ. ನಲವತ್ತು ವರ್ಷದ ಧೂಳು, ಸಿಗರೇಟಿನ ಟಾರ್ ಎಲ್ಲ ಆ ಕಂದಕವನ್ನು ತುಂಬಿರುತ್ತವೆ. ಹೈ ವೋಲ್ಟೇಜ್ ಧೂಳನ್ನು ತಾನೇ ಎಳೆದುಕೊಳ್ಳುತ್ತದೆ, ಹಾಗಾಗಿ ಪೆಟ್ಟಿಗೆಯಲ್ಲೇ ಅತಿ ಕೊಳಕು ಜಾಗ ಇದೇ ಆಗಿರುತ್ತದೆ.

ಡಿಸ್ಚಾರ್ಜ್ ಮಾಡಿ, ಕ್ಯಾಪ್ ಒಳಗಿನ ಎರಡು ಕೊಕ್ಕೆಗಳನ್ನು ಒಂದೊಂದಾಗಿ ಒತ್ತಿ ಬಿಡಿಸಿ. ಗಾಜಿನ ವೃತ್ತ, ರಬ್ಬರಿನ ಒಳಮೈ, ಕೆಂಪು ವೈರು ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. 90 ಪರ್ಸೆಂಟಿಗಿಂತ ಮೇಲಿನದ್ದಾಗಿರಲಿ. ಪಕ್ಕದ ಕಪ್ಪು ಲೇಪವನ್ನು ಮಾತ್ರ ಉಜ್ಜಬೇಡಿ, ಅದು ಕೊಳೆಯಲ್ಲ. ಪೂರ್ತಿ ಒಣಗಲು ಬಿಡಿ. ಆಲ್ಕೋಹಾಲ್ ಆವಿ ಇರುವಾಗಲೇ ಚಾಲೂ ಮಾಡಿದರೆ ಕಿಡಿಯ ಜೊತೆ ಬೆಂಕಿಯೂ ಸಿಗುತ್ತದೆ. ವಾಪಸ್ ಹಾಕುವಾಗ ಅಂಚಿಗೆ ತೆಳುವಾಗಿ ಡೈಎಲೆಕ್ಟ್ರಿಕ್ ಸಿಲಿಕೋನ್ ಗ್ರೀಸ್ ಸವರಿ. ಕೊಕ್ಕೆ ಎರಡೂ ಕೂತಿವೆಯೇ ಅಂತ ಮೆಲ್ಲಗೆ ಎಳೆದು ನೋಡಿ. ಒಂದೇ ಕೊಕ್ಕೆ ಕೂತಿದ್ದರೆ ಕ್ಯಾಪ್ ಒಳಗೇ ‘ಸ್ಸ್’ ಅನ್ನುತ್ತಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ನನ್ನ ಲೆಕ್ಕದಲ್ಲಿ ಬೇರೆ ಏನನ್ನೂ ಅನುಮಾನಿಸುವ ಮೊದಲು ಈ ಅರ್ಧ ಗಂಟೆಯ ಕೆಲಸ ಮುಗಿಸಿಬಿಡಬೇಕು.

ರಬ್ಬರು ಗಟ್ಟಿಯಾಗಿ ಸೀಳಿದ್ದರೆ ಕ್ಯಾಪ್ ಬದಲಿಸಿ. ಸಿಲಿಕೋನ್ ಹಚ್ಚಲೇಬೇಕು ಅಂದರೆ ವಿನೆಗರ್ ವಾಸನೆ ಬರುವ ಮಾಮೂಲಿ ಸಿಲಿಕೋನ್ ಬೇಡ. ಅದು ಒಣಗುವಾಗ ಆಮ್ಲ ಬಿಟ್ಟು ಲೋಹವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದೇ ಬೇಕು.

ಎರಡನೆಯ ಆರೋಪಿ ಫ್ಲೈಬ್ಯಾಕ್ ತಾನೇ. ಮೈಯಲ್ಲಿ ಕೂದಲೆಳೆಯ ಬಿರುಕು, ಉಬ್ಬು, ಸೂಜಿಮೊನೆಯಷ್ಟು ಕಂದು ಚುಕ್ಕೆ ಇವನ್ನು ಹುಡುಕಿ. ಆ ಚುಕ್ಕೆಯೇ ಕಿಡಿಯ ಬಾಗಿಲು, ಹತ್ತಿರದ ಲೋಹಕ್ಕೆ ಅಲ್ಲಿಂದಲೇ ಹಾರುತ್ತದೆ. ಜಿ07ರ ಫ್ಲೈಬ್ಯಾಕ್‌ಗಳು ಇದಕ್ಕೆ ಹೆಸರುವಾಸಿ. 1983ರ ಸ್ಟಾರ್ ವಾರ್ಸ್ ಆಟದಲ್ಲಿ ಬಂದ ಆಂಪ್ಲಿಫೋನ್ ಕಲರ್ ವೆಕ್ಟರ್ (ಗೆರೆ ಎಳೆದೇ ಚಿತ್ರ ಬರೆಯುವ) ಮಾನಿಟರ್‌ನ ಕತೆ ಇನ್ನೂ ಕೆಟ್ಟದ್ದು, ಅದರ ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಎಷ್ಟು ಕಡೆ ಕೈಕೊಟ್ಟಿತೆಂದರೆ ಆಸಕ್ತರು ಹೊಸದಾಗಿ ಮಾಡಿಸಿಕೊಳ್ಳಬೇಕಾಯಿತು. ಸುಟ್ಟ ಭಾಗ ಕೆರೆದು, ಶುದ್ಧ ಮಾಡಿ, ಹೈ ವೋಲ್ಟೇಜ್ ವಾರ್ನಿಷ್ ಹಚ್ಚಿದರೆ ಕೆಲವು ದಿನ ಓಡುತ್ತದೆ. ಅದು ಕಾರಣ ಖಚಿತಪಡಿಸಿಕೊಳ್ಳಲು ಸರಿ, ರಿಪೇರಿ ಅನ್ನಲು ಆಗುವುದಿಲ್ಲ. ಬದಲಿಯದು ಅದೇ ಚಾಸಿಗೆ ಹೇಳಿ ಮಾಡಿಸಿದ ಮಾದರಿಯಾಗಿರಬೇಕು. ಕಾಲುಗಳು ಹೊಂದಿದವು ಅಂತ ಬೇರೆಯದನ್ನು ಹಾಕಬೇಡಿ.

ಮೂರನೆಯದು ಜನ ತಾವೇ ತಂದುಕೊಳ್ಳುವ ತೊಂದರೆ. ಟ್ಯೂಬಿನ ಬೆನ್ನ ಮೇಲೆ ಸ್ಪ್ರಿಂಗ್ ಹಾಕಿ ಬಿಗಿದಿರುವ ಹೆಣೆದ ತಂತಿ ಕಪ್ಪು ಲೇಪವನ್ನು ಒತ್ತಿ ಹಿಡಿದಿರುತ್ತದೆ. ಅಲ್ಲಿಂದ ಒಂದು ವೈರು ಕುತ್ತಿಗೆಯ ಬೋರ್ಡಿಗೆ ಬರುತ್ತದೆ. ಹಳೇ ಕೆಪಾಸಿಟರ್‌ಗಳನ್ನು ಬದಲಿಸಿ ಚಾಸಿ ವಾಪಸ್ ಕೂರಿಸುವಾಗ ಈ ಒಂದು ವೈರನ್ನು ಮರೆತರೆ ಆಯಿತು. ಲೇಪಕ್ಕೆ ಗ್ರೌಂಡ್ ಇಲ್ಲ, ಚಾರ್ಜ್ ಏರುತ್ತಾ ಹೋಗಿ ಟ್ಯೂಬಿನ ಅಂಚಿನಿಂದ ಫ್ರೇಮಿಗೆ, ಮೂಲೆಯ ಬೋಲ್ಟಿಗೆ, ಸಿಕ್ಕಲ್ಲಿಗೆ ಹಾರುತ್ತದೆ. ರಿಪೇರಿ ಆದ ದಿನವೇ ಹೊಸದಾಗಿ ಕಿಡಿ ಶುರುವಾದರೆ ಬೇರೆಲ್ಲ ಬಿಟ್ಟು ಇದನ್ನು ನೋಡಿ.

ಕುತ್ತಿಗೆಯ ಸಾಕೆಟ್ ಕೂಡ ಇದೆ. ಫೋಕಸ್ ಪಿನ್ನಿಗೆ ಕೆಲವು ಸಾವಿರ ವೋಲ್ಟ್ ಬರುತ್ತದೆ. ಅಲ್ಲಿ ಹಸಿರು ಕಿಲುಬು ಕಟ್ಟಿದ್ದರೆ ಚಿತ್ರ ‘ಟಿಕ್’ ಅನ್ನುವಾಗೆಲ್ಲ ಮಸುಕಾಗಿ ಮತ್ತೆ ಸ್ಪಷ್ಟವಾಗುತ್ತದೆ. ಹೊಸ ಸಾಕೆಟ್ ಹಾಕುವುದೇ ವಾಸಿ. ಆದರೆ ಕುತ್ತಿಗೆ ಬೋರ್ಡಿನಲ್ಲಿ ಬೇಕೆಂದೇ ಬಿಟ್ಟಿರುವ ಸಣ್ಣ ಸಂದುಗಳೂ ಇರುತ್ತವೆ. ಇವು ಸ್ಪಾರ್ಕ್ ಗ್ಯಾಪ್‌ಗಳು, ತುಂಬಿದಾಗ ನೀರು ಬಿಡುವ ಕೋಡಿ ಇದ್ದ ಹಾಗೆ. ಅಲ್ಲಿ ಕಿಡಿ ಕಂಡರೆ ಅದನ್ನು ಮುಚ್ಚಬಾರದು. ಕೋಡಿ ಏಕೆ ಹರಿಯುತ್ತಿದೆ ಅಂತ ಹುಡುಕಬೇಕು.

ನೀರೇ ಏರಿದ್ದರೆ

ಎಲ್ಲ ಒರೆಸಿ, ಕ್ಯಾಪ್ ಬದಲಿಸಿ, ಗ್ರೌಂಡ್ ನೋಡಿ ಆಯಿತು. ಆದರೂ ಕಿಡಿ, ಅದೂ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ. ಆಗ ವೋಲ್ಟೇಜ್ ಅಳೆಯದೆ ಮುಂದೆ ಹೋಗಬೇಡಿ.

ಸಾಮಾನ್ಯ ಮೀಟರ್ ಸಾವಿರ ವೋಲ್ಟಿಗೇ ಮುಗಿಯುತ್ತದೆ. ಇದಕ್ಕೆ ಹೈ ವೋಲ್ಟೇಜ್ ಪ್ರೋಬ್ ಬೇಕು. ಮಾನಿಟರ್ ಆಫ್ ಇರುವಾಗಲೇ ಪ್ರೋಬಿನ ಗ್ರೌಂಡ್ ಕ್ಲಿಪ್ಪನ್ನು ಹೆಣೆದ ತಂತಿಗೆ ಹಾಕಿ, ಮೊನೆಯನ್ನು ಕ್ಯಾಪ್ ಅಡಿ ಇಟ್ಟು, ಆಮೇಲೆ ಸ್ವಿಚ್. ಸ್ಕ್ರೂಡ್ರೈವರ್‌ಗೆ ಕಿಡಿ ಎಳೆದು ಅದರ ಉದ್ದ ನೋಡಿ ಅಂದಾಜು ಮಾಡುವ ಹಳೇ ಮೆಕ್ಯಾನಿಕ್ ಚಾಳಿ ಇದೆಯಲ್ಲ, ಅದರಿಂದ ಔಟ್‌ಪುಟ್ ಟ್ರಾನ್ಸಿಸ್ಟರ್ ಸತ್ತದ್ದೇ ಹೆಚ್ಚು. ಬಂದ ಅಂಕಿಯನ್ನು ಆ ಮಾದರಿಯ ಮ್ಯಾನುಯಲ್ ಜೊತೆ ಹೋಲಿಸಿ. 1981ರ ಟೆಂಪೆಸ್ಟ್ ಆಟದಲ್ಲಿದ್ದ ವೆಲ್ಸ್ ಗಾರ್ಡ್‌ನರ್ 6100 ಥರದ ವೆಕ್ಟರ್ ಮಾನಿಟರ್‌ನಲ್ಲಿ ಹೈ ವೋಲ್ಟೇಜ್ ವಿಭಾಗವೇ ಬೇರೆ, ಅದಕ್ಕೆ ವೋಲ್ಟೇಜ್ ಸ್ಥಿರವಾಗಿಡುವ ಅದರದ್ದೇ ರೆಗ್ಯುಲೇಟರ್.

ಜಾಸ್ತಿ ಬಂದರೆ ಮೊದಲು ಬಿ-ಪ್ಲಸ್ ಅಳೆಯಿರಿ. ಯಾರೋ ಚಿತ್ರ ಅಗಲ ಮಾಡಲು ಅದರ ಪಾಟ್ (ವೋಲ್ಟೇಜ್ ಹೊಂದಿಸುವ ತಿರುಪು) ತಿರುಗಿಸಿರಬಹುದು, ರೆಗ್ಯುಲೇಟರ್ ಕೆಟ್ಟಿರಬಹುದು. ಬಿ-ಪ್ಲಸ್ ಸರಿಯಿದ್ದೂ ಹೈ ವೋಲ್ಟೇಜ್ ಏರಿದ್ದರೆ ಆಗಲೇ ನೆನಪಿಡಲು ಹೇಳಿದ ಟ್ಯೂನಿಂಗ್ ಕೆಪಾಸಿಟರ್ ಕಡೆ ತಿರುಗಿ. ಕರೆಂಟ್ ನಿಂತಾಗ ಸುರುಳಿಯಲ್ಲಿದ್ದ ಶಕ್ತಿಯೆಲ್ಲ ಇದರೊಳಗೆ ಬಂದು ಸೇರಬೇಕು. ಪಾತ್ರೆ ಚಿಕ್ಕದಾದಷ್ಟೂ ಮಟ್ಟ ಮೇಲೆ ಹೋಗುತ್ತದೆ. ವಯಸ್ಸಾಗಿ ಇದರ ಅಳತೆ ಕುಗ್ಗಿದ್ದರೆ, ಒಂದು ಕಾಲಿನ ಬೆಸುಗೆ ಬಿಟ್ಟಿದ್ದರೆ, ಆ ಏಟು ಎಲ್ಲಿಗೋ ಏರುತ್ತದೆ. ಈ ಅಪಾಯ ಗೊತ್ತಿದ್ದೇ ಕೆಲವು ಚಾಸಿಗಳಲ್ಲಿ ನಾಲ್ಕು ಕಾಲಿನ ಕೆಪಾಸಿಟರ್ ಹಾಕಿದ್ದರು. ಕಾಲು ಬಿಟ್ಟರೆ ಸರ್ಕ್ಯೂಟೇ ತುಂಡಾಗಿ ಮಾನಿಟರ್ ನಿಲ್ಲುತ್ತದೆ.

ಪರದೆಯೂ ಒಂದು ಸುಳಿವು ಕೊಡುತ್ತದೆ. ಹೈ ವೋಲ್ಟೇಜ್ ಹೆಚ್ಚಾದಷ್ಟೂ ಎಲೆಕ್ಟ್ರಾನ್‌ಗಳ ವೇಗ ಹೆಚ್ಚು, ಅವನ್ನು ಪಕ್ಕಕ್ಕೆ ಬಾಗಿಸುವುದು ಕಷ್ಟ. ಹಾಗಾಗಿ ಟ್ಯೂನಿಂಗ್ ಕೆಪಾಸಿಟರ್ ಕುಗ್ಗಿದ ಮಾನಿಟರ್‌ನಲ್ಲಿ ಚಿತ್ರವೂ ಕುಗ್ಗಿರುತ್ತದೆ. ಬಿ-ಪ್ಲಸ್ ಏರಿದ್ದರೆ ಹಾಗಾಗುವುದಿಲ್ಲ. ಬಾಗಿಸುವ ಬಲವೂ ಜೊತೆಗೇ ಏರುವುದರಿಂದ ಚಿತ್ರ ಸ್ವಲ್ಪ ಅಗಲವೇ ಆಗುತ್ತದೆ. ಇಷ್ಟನ್ನೇ ನಂಬಿ ತೀರ್ಮಾನಿಸಬೇಡಿ, ಆದರೆ ಮೀಟರ್ ಎಲ್ಲಿಗೆ ಇಡಬೇಕು ಅಂತ ಇದು ತೋರಿಸುತ್ತದೆ.

ಈ ಕೆಪಾಸಿಟರನ್ನು ಅದೇ ಅಳತೆಯ, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್ ತಾಳುವ ಪಾಲಿಪ್ರೊಪಿಲೀನ್ ಮಾದರಿಯಿಂದಲೇ ಬದಲಿಸಿ. ‘ಹತ್ತಿರ ಹತ್ತಿರ ಇದೆ’ ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಹೈ ವೋಲ್ಟೇಜ್ ಮಿತಿ ಮೀರಿದರೆ ತಾನಾಗಿ ಬಂದ್ ಆಗುವ ರಕ್ಷಣಾ ಸರ್ಕ್ಯೂಟ್ ಕೆಲವು ಚಾಸಿಗಳಲ್ಲಿದೆ. ಅದು ಮಾನಿಟರನ್ನು ನಿಲ್ಲಿಸಿಬಿಡುತ್ತದೆ ಅಂತ ಕಿತ್ತುಹಾಕುವವರಿದ್ದಾರೆ. ಅದು ಎಕ್ಸ್‌ರೇಗಾಗಿ ಇರುವುದು. ಅಷ್ಟು ವೇಗದ ಎಲೆಕ್ಟ್ರಾನ್ ಪರದೆಗೆ ಬಡಿದರೆ ಎಕ್ಸ್‌ರೇ ಹುಟ್ಟುತ್ತದೆ, ಟ್ಯೂಬಿನ ಗಾಜು ಅದನ್ನು ತಡೆಯುತ್ತದೆ. ಆದರೆ ಆ ಗಾಜಿನ ಲೆಕ್ಕ ಹಾಕಿರುವುದು ಸರಿಯಾದ ವೋಲ್ಟೇಜಿಗೆ. 1967ರಲ್ಲಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್‌ನ ಕೆಲವು ಕಲರ್ ಟಿವಿಗಳಿಂದ ಮಿತಿ ಮೀರಿ ಎಕ್ಸ್‌ರೇ ಸೋರುತ್ತಿದ್ದದ್ದು ಬೆಳಕಿಗೆ ಬಂದು, ಮರುವರ್ಷ ಅಲ್ಲಿ ಕಾನೂನೇ ಬಂತು. ಟಿವಿಯ ಹೊರಮೈಯಿಂದ ಐದು ಸೆಂಟಿಮೀಟರ್ ದೂರದಲ್ಲಿ ಗಂಟೆಗೆ ಅರ್ಧ ಮಿಲಿರಾಂಟ್ಜನ್ ಅನ್ನುವ ಮಿತಿ ಹಾಕಿದರು.

ಟ್ಯೂಬಿನ ಒಳಗಿನ ಕಿಡಿ

ಕೊನೆಗೆ ಉಳಿಯುವುದು ಟ್ಯೂಬ್. ಹೊರಗೆಲ್ಲೂ ಕಾಣದ ಕಿಡಿ ಕುತ್ತಿಗೆಯ ಒಳಗೆ ಮಿಂಚಿದರೆ ಒಂದು ಲೋಹದ ಚೂರೋ ಲೇಪದ ಪುಡಿಯೋ ಎಲೆಕ್ಟ್ರಾನ್ ಹೊಮ್ಮಿಸುವ ಭಾಗದ, ಅಂದರೆ ಎಲೆಕ್ಟ್ರಾನ್ ಗನ್ನಿನ, ನಡುವೆ ಸಿಕ್ಕಿರಬಹುದು. ಅಪರೂಪಕ್ಕೊಮ್ಮೆ ಬಂದು ಹೋಗುವ ಕಿಡಿ ಆ ಚೂರನ್ನು ಸುಟ್ಟು ತಾನೇ ವಾಸಿಯಾಗುವುದೂ ಉಂಟು. ನಿಲ್ಲದಿದ್ದರೆ, ಮಾನಿಟರ್ ಆಫ್ ಮಾಡಿ ಡಿಸ್ಚಾರ್ಜ್ ಆದ ಮೇಲೆ, ಟ್ಯೂಬಿನ ಮುಖವನ್ನು ಮೆತ್ತನೆ ಹಾಸಿನ ಮೇಲೆ ಕೆಳಗೆ ಮಾಡಿಟ್ಟು ಕುತ್ತಿಗೆಯನ್ನು ಬೆರಳಿನಿಂದ ಬಹಳ ಮೆಲ್ಲಗೆ ತಟ್ಟುತ್ತಾರೆ. ಚೂರು ಪರದೆಯ ಕಡೆಗೆ ಬಿದ್ದರೆ ಅದೃಷ್ಟ. ಕನ್ನಡಕ, ಕೈಗವಸು ಹಾಕಿಕೊಂಡೇ ಮಾಡಿ.

ಕುತ್ತಿಗೆಯ ಗಾಜಿನ ಒಳಮೈಗೆ ಅಂಟಿದ ಹಾಗೆ ಸ್ವಲ್ಪ ನೀಲಿ ಬೆಳಕು ಕಂಡರೆ ಗಾಬರಿ ಬೇಡ, ಒಳ್ಳೆ ಟ್ಯೂಬುಗಳಲ್ಲೂ ಅದು ಇರುತ್ತದೆ. ಗನ್ನಿನ ಭಾಗಗಳ ನಡುವೆ ಮಂಜಿನ ಹಾಗೆ ನೇರಳೆ ಅಥವಾ ಗುಲಾಬಿ ಬೆಳಕು ತುಂಬಿಕೊಂಡಿದ್ದರೆ ಮಾತ್ರ ಒಳಗೆ ಗಾಳಿ ಹೋಗಿದೆ. ಕುತ್ತಿಗೆಯ ಹತ್ತಿರ ಗಾಜಿನ ಒಳಗೆ ಕನ್ನಡಿಯಂತೆ ಹೊಳೆಯುವ ಒಂದು ಕಲೆ ಇರುತ್ತದೆ, ಅದಕ್ಕೆ ಗೆಟರ್ ಅನ್ನುತ್ತಾರೆ. ಅದು ಹಾಲಿನ ಬಿಳಿಗೆ ತಿರುಗಿದ್ದರೆ ಇನ್ನು ಅನುಮಾನವೇ ಇಲ್ಲ. ಅಂಥ ಟ್ಯೂಬಿಗೆ ಮತ್ತೆ ಮತ್ತೆ ಸ್ವಿಚ್ ಹಾಕಿ ನೋಡುತ್ತಾ ಇದ್ದರೆ ಚಾಸಿಯೂ ಜೊತೆಗೆ ಹೋಗುತ್ತದೆ. ಬೇರೆ ಟ್ಯೂಬ್ ಹುಡುಕುವಾಗ ಇಂಚು ಒಂದೇ ನೋಡಬೇಡಿ. ಕುತ್ತಿಗೆಯ ದಪ್ಪ, ಸಾಕೆಟ್ಟಿನ ಪಿನ್ನುಗಳ ಜೋಡಣೆ, ಹೀಟರ್ ವೋಲ್ಟೇಜ್, ಬಾಗುವ ಕೋನ ಎಲ್ಲ ಹೊಂದಬೇಕು. ಸಿಕ್ಕ ಮೇಲೆ ಮೊದಲ ಸಲ ಸ್ವಿಚ್ ಹಾಕುವ ಮುನ್ನ ಆ ಹೆಣೆದ ತಂತಿಯನ್ನು ಕಟ್ಟಿದ್ದೀರಾ ಅಂತ ಇನ್ನೊಮ್ಮೆ ನೋಡಿಕೊಳ್ಳಿ.